ಭಾನುವಾರದ ಟೈಮ್ ಟ್ರಯಲ್, ಮಳೆ ಇದ್ರೂ ಇದೆ

ಎಲ್ರಿಗೂ ನಮಸ್ಕಾರ, ಭಾನುವಾರ ಬೆಳಿಗ್ಗೆ 6ಕ್ಕೆ ದೇವನಹಳ್ಳಿ–ನಂದಿ ರೋಡಲ್ಲಿ ನಮ್ಮ 20 ಕಿಮೀ ಸೈಕಲ್ ಟೈಮ್ ಟ್ರಯಲ್ (ಒಬ್ಬೊಬ್ರೇ ಹೊರಟು ಯಾರು ಕಮ್ಮಿ ಟೈಮಲ್ಲಿ ಮುಗಿಸ್ತಾರೆ ಅಂತ ನೋಡೋ ರೇಸ್) ಇದೆ, ತುಂತುರು ಮಳೆಗೆಲ್ಲ ನಿಲ್ಸಲ್ಲ, ಆದ್ರೆ ಗುಡುಗು ಮಿಂಚು ಬಂದ್ರೆ ಕ್ಯಾನ್ಸಲ್. ಆಷಾಢದ ಗಾಳಿ ಗೊತ್ತಲ್ಲ, ಹೋಗ್ತಾ ಎಡಗಡೆಯಿಂದ ಹೊಡೆಯುತ್ತೆ, ಡೀಪ್ ರಿಮ್ ವ್ಹೀಲ್ (ರಿಮ್ ಎತ್ತರ ಜಾಸ್ತಿ ಇರೋದು, ಅಡ್ಡಗಾಳಿ ಅದನ್ನ ತಳ್ಳುತ್ತೆ) ಇರೋರು ದಯವಿಟ್ಟು ಅದನ್ನ ಮನೇಲೇ ಬಿಟ್ಟು ಬನ್ನಿ. ಒದ್ದೆ ರಸ್ತೇಲಿ ಹಿಡಿತ ಸಿಗಲಿ ಅಂತ ಟೈರಲ್ಲಿ ಗಾಳಿ ದಿನಾ ಹಾಕೋದಕ್ಕಿಂತ 8–10 ಪಿಎಸ್‌ಐ ಕಮ್ಮಿ ಇಟ್ಕೊಳ್ಳಿ. ರಸ್ತೆ ಮೇಲಿನ ಬಿಳಿ ಪಟ್ಟೆ ಒದ್ದೆ ಆದ್ರೆ ಸೋಪಿನ ಥರ ಜಾರುತ್ತೆ, ಹೋದ್ಸಲ ಯೂ ಟರ್ನಲ್ಲಿ ಅದರ ಮೇಲೇ ಬ್ರೇಕ್ ಹಿಡಿದು ಬಿದ್ದೆ, ಮೊಣಕೈ ತರಚಿ ರಕ್ತ ಮಳೆನೀರು ಎರಡೂ ಸೇರಿ ಗ್ಲೌಸೊಳಗೆ ಇಳೀತಿತ್ತು, ಅದಕ್ಕೇ ಹೇಳ್ತಿದೀನಿ, ಸೈಕಲ್ ನೆಟ್ಟಗಿರುವಾಗಲೇ ಸ್ಪೀಡ್ ಕಮ್ಮಿ ಮಾಡ್ಕೊಂಡು ಆಮೇಲೆ ತಿರುಗಿ. ಹಿಂದೆ ಕೆಂಪು ಲೈಟ್ ಇಲ್ದೇ ಇದ್ರೆ ಯಾರನ್ನೂ ಸ್ಟಾರ್ಟ್ ಮಾಡಕ್ಕೆ ಬಿಡಲ್ಲ.