ಮಾವು, ಪೇರಲ ಟೊಂಗೆಗಳಿಂದ ಪೆಲೆಟ್: ಯಂತ್ರಕ್ಕಿಂತ ಮೊದಲು ಒಣಗಿಸುವ ಶೆಡ್ ಕೊಡಿ

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಬೀದರ್.

ಇಂದ: ಹುಮನಾಬಾದ್ ತಾಲೂಕಿನ ತೋಟದ ರೈತರು ಹಾಗೂ ನಿವಾಸಿಗಳು.

ವಿಷಯ: ಸವರಿದ ಟೊಂಗೆಗಳಿಂದ ಇಂಧನ ಪೆಲೆಟ್ (ಕಟ್ಟಿಗೆ ಪುಡಿಯನ್ನು ಒತ್ತಿ ಮಾಡಿದ ಉರುವಲಿನ ಸಣ್ಣ ತುಂಡು) ಮಾಡಲು ಶೆಡ್ ಮತ್ತು ವಿದ್ಯುತ್ ಸಂಪರ್ಕ ಒದಗಿಸುವ ಬಗ್ಗೆ.

ಮಾನ್ಯರೇ,

ಮಾವಿನ ಗಿಡ ಸವರುವುದು ಕೊಯ್ಲು ಮುಗಿದ ಮೇಲೆ, ಜೂನ್–ಜುಲೈ ಹೊತ್ತಿಗೆ. ಮುಂಗಾರು ಹಿಡಿಯುವುದೂ ಆಗಲೇ. ಹಸಿ ಟೊಂಗೆಯ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಬದುವಿನ ಮೇಲೆ ಬಿಟ್ಟರೆ ಮಳೆಗಾಲ ಮುಗಿಯುವವರೆಗೆ ಅದು ಒಣಗುವುದಿಲ್ಲ. ಪೆಲೆಟ್ ಆಗಬೇಕಾದರೆ ತೇವಾಂಶ ಶೇ 10–12ಕ್ಕೆ ಇಳಿಯಬೇಕು. ಪೆಲೆಟ್ ಘಟಕ ಎಂದೊಡನೆ ಹಣವೆಲ್ಲ ಯಂತ್ರಕ್ಕೆ ಹೋಗುತ್ತದೆ. ಒಣಗಿಸುವ ಜಾಗವಿಲ್ಲದೆ ಆ ಯಂತ್ರಕ್ಕೆ ಕೆಲಸವೇ ಇರುವುದಿಲ್ಲ.

ನಾವು ಕೇಳುತ್ತಿರುವುದು 60×50 ಅಡಿಯ, ಕಾಂಕ್ರೀಟ್ ನೆಲದ, ಗಾಳಿಯಾಡುವಂತೆ ಬದಿಗಳು ತೆರೆದಿರುವ ಒಂದು ಶೆಡ್. ಟೊಂಗೆಗಳನ್ನು ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಅಡ್ಡ ಕಟ್ಟಿಗೆಗಳ ಮೇಲೆ ಇಡಿಯಾಗಿಯೇ ಒಟ್ಟಬೇಕು. ಎಲೆ ಗರಿಗರಿಯಾದ ಮೇಲೆ ಕೊಡವಿದರೆ ಉದುರುತ್ತದೆ. ಎಲೆ ಸೇರಿದರೆ ಬೂದಿ ಹೆಚ್ಚು, ಒಲೆಯಲ್ಲಿ ಅದು ಕರಗಿ ಗಟ್ಟಿ ಗಡ್ಡೆಯಾಗುತ್ತದೆ. ಚೂರು ಮಾಡುವ ಯಂತ್ರಕ್ಕೆ (ಚಿಪ್ಪರ್) ಹಾಕುವುದು ಆಮೇಲೆ. ಹಸಿಯಿರುವಾಗಲೇ ಚೂರು ಮಾಡಿ ರಾಶಿ ಹಾಕಿದರೆ ಕೆಲವೇ ದಿನಗಳಲ್ಲಿ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಚೂರನ್ನು ಅರ್ಧ ಅಡಿ ದಪ್ಪಕ್ಕೆ ಹರಡಿ ದಿನಕ್ಕೆರಡು ಸಲ ತಿರುವಬೇಕು. ಶೆಡ್ಡಿನ ನೆಲವಿಡೀ ಹರಡಿದರೆ ಸುಮಾರು 10 ಟನ್ ಹಿಡಿಯುತ್ತದೆ. ಶೇ 45 ತೇವಾಂಶದ ಒಂದು ಟನ್ ಹಸಿ ಕಟ್ಟಿಗೆಯಿಂದ ಕೈಗೆ ಬರುವುದು ಸುಮಾರು 600 ಕೆಜಿ ಪೆಲೆಟ್. ಲೆಕ್ಕವನ್ನು ಹಸಿ ತೂಕದಲ್ಲಿ ಹಾಕಿ ಯೋಜನೆ ಮಾಡಬಾರದು.

ಇಲ್ಲಿಯ ಕೆಮ್ಮಣ್ಣು ಇನ್ನೊಂದು ತೊಂದರೆ. ಟೊಂಗೆಯನ್ನು ನೆಲದ ಮೇಲೆ ಎಳೆದು ತಂದರೆ ತೊಗಟೆಗೆ ಅಂಟಿದ ಹರಳು ಮಣ್ಣು ಪುಡಿ ಮಾಡುವ ಹ್ಯಾಮರ್ ಮಿಲ್ಲಿನ ಸುತ್ತಿಗೆಗಳನ್ನೂ ಪೆಲೆಟ್ ಯಂತ್ರದ ಡೈಯನ್ನೂ (ಪುಡಿಯನ್ನು ಒತ್ತಿ ಪೆಲೆಟ್ ಮಾಡುವ ರಂಧ್ರಗಳ ಅಚ್ಚು) ಸವೆಸುತ್ತದೆ. ತಾಡಪತ್ರಿಯ ಮೇಲೆ ಹೊತ್ತೇ ಸಾಗಿಸಬೇಕು. ಡ್ರಿಪ್ ಪೈಪಿನ ತುಂಡು, ತಂತಿ ಆರಿಸಿ ತೆಗೆಯಬೇಕು. ಹೆಬ್ಬೆರಳಿಗಿಂತ ತೆಳುವಾದ ಕಡ್ಡಿ ತರುವುದೇ ಬೇಡ: ಅದರಲ್ಲಿ ತೊಗಟೆಯೇ ಹೆಚ್ಚು, ಗಿಡದ ಬುಡಕ್ಕೆ ಮುಚ್ಚಿಗೆಯಾದರೆ ತೋಟಕ್ಕೇ ಲಾಭ.

ಒಣ ಚೂರನ್ನು 6 ಮಿ.ಮೀ. ಜರಡಿಯ ಮಿಲ್ಲಿನಲ್ಲಿ ಪುಡಿ ಮಾಡಿ 8 ಮಿ.ಮೀ. ಡೈಗೆ ಕೊಡಬೇಕು. ಒತ್ತಡ, ತಿಕ್ಕಾಟದ ಬಿಸಿಗೆ ಕಟ್ಟಿಗೆಯೊಳಗಿನ ಲಿಗ್ನಿನ್ ಮೆತ್ತಗಾಗಿ ತಾನೇ ಅಂಟಾಗುತ್ತದೆ. ಬೇರೆ ಅಂಟು ಬೇಡ. ಸರಿಯಾದ ಪೆಲೆಟ್ ಮೈ ಹೊಳೆಯುತ್ತದೆ, ಮುರಿದರೆ ಟಕ್ಕೆನ್ನುತ್ತದೆ, ನೀರಿಗೆ ಹಾಕಿದರೆ ಮುಳುಗುತ್ತದೆ. ತೇವ ಹೆಚ್ಚಿದ್ದರೆ ಹಬೆಯಾಡುತ್ತ ಉಬ್ಬಿ ಹೊರಬಂದು ಅಡ್ಡಡ್ಡ ಸೀಳುತ್ತದೆ. ತೀರಾ ಒಣಗಿದ್ದರೆ ಡೈ ಕಟ್ಟಿಕೊಳ್ಳುತ್ತದೆ.

ಡೈ ಕಟ್ಟಿಕೊಳ್ಳಲು ಇನ್ನೂ ದೊಡ್ಡ ಕಾರಣ ಕರೆಂಟು. ಯಂತ್ರ ನಿಲ್ಲಿಸುವ ಮುನ್ನ ಎಣ್ಣೆ ಕಲಸಿದ ತೌಡು ಹಾಕಿ ರಂಧ್ರಗಳನ್ನು ತುಂಬಿಸಬೇಕು. ನಡುವೆ ಕರೆಂಟು ಹೋದರೆ ಅದಕ್ಕೆ ಸಮಯವೆಲ್ಲಿ? ಕಟ್ಟಿಗೆ ಪುಡಿ ಒಳಗೇ ಗಟ್ಟಿಯಾಗಿ, ಒಂದೊಂದೇ ರಂಧ್ರವನ್ನು ಡ್ರಿಲ್ಲಿನಿಂದ ಬಿಡಿಸಬೇಕಾಗುತ್ತದೆ. ಪಂಪ್‌ಸೆಟ್ ಫೀಡರಿನಲ್ಲಿ ದಿನವಿಡೀ ಮೂರು ಫೇಸ್ ಸಿಗುವುದಿಲ್ಲ. ಆದ್ದರಿಂದ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನಿಂದ ಪ್ರತ್ಯೇಕ ಕೈಗಾರಿಕಾ ಸಂಪರ್ಕ ಬೇಕು. 30 ಎಚ್‌ಪಿ ಪೆಲೆಟ್ ಯಂತ್ರ, 15 ಎಚ್‌ಪಿ ಮಿಲ್ಲು ಕೂಡಿ ನಡೆಯುವಷ್ಟು.

ಮಾಲು ಹೋಗುವುದೆಲ್ಲಿಗೆ ಎಂಬ ಪ್ರಶ್ನೆ ಬರುತ್ತದೆ. ಬೀದರಿನ ಚಳಿಗಾಲದಲ್ಲಿ ವಿದ್ಯಾರ್ಥಿ ನಿಲಯಗಳಿಗೆ ಸ್ನಾನದ ಬಿಸಿನೀರು ಬೇಕೇ ಬೇಕು. ಪೆಲೆಟ್ ಕೆಜಿಗೆ ಸುಮಾರು 4000 ಕಿಲೋಕ್ಯಾಲರಿ ಶಾಖ ಕೊಡುತ್ತದೆ. ಅರ್ಧ ಶಾಖ ಚಿಮಣಿಯಲ್ಲಿ ಹೋದರೂ 20 ಲೀಟರ್ ನೀರನ್ನು 15ರಿಂದ 45 ಡಿಗ್ರಿಗೆ ಕಾಯಿಸಲು 300 ಗ್ರಾಂ ಸಾಕು.

ಬರುವ ಮಾವಿನ ಸವರುವಿಕೆಗೆ ಮುನ್ನ ಶೆಡ್ಡಿಗೆ ಪಂಚಾಯತ್ ಜಾಗ ಗುರುತಿಸಿ, ಸಂಪರ್ಕಕ್ಕೆ ಜೆಸ್ಕಾಂಗೆ ಪತ್ರ ಬರೆದು, ಒಂದು ವಿದ್ಯಾರ್ಥಿ ನಿಲಯದಲ್ಲಿ ಪೆಲೆಟ್ ಒಲೆಯ ಪ್ರಯೋಗಕ್ಕೆ ಅನುಮತಿ ಕೊಡಿಸಬೇಕೆಂದು ಕೋರುತ್ತೇವೆ. ಯಂತ್ರದ ಟೆಂಡರನ್ನು ಶೆಡ್ಡಿನ ನೆಲ ಸಿದ್ಧವಾದ ಮೇಲೆ ಕರೆಯಿರಿ.

ತಮ್ಮ ವಿಶ್ವಾಸಿಗಳು,
ತೋಟದ ರೈತರು ಮತ್ತು ನಿವಾಸಿಗಳು, ಹುಮನಾಬಾದ್ ತಾಲೂಕು
(ಸಹಿಗಳನ್ನು ಲಗತ್ತಿಸಿದೆ)