ಪೇಂಟ್ ಆಮೇಲೆ, ಬ್ರೇಕ್ ಮೊದಲು

ಪ್ರೀತಿಯ ಗೆಳೆಯಾ,

ಕಾರಿನ ಫೋಟೋ ಕಳಿಸಿದರೆ ನಿನ್ನಿಂದ ಬಂದದ್ದು ಒಂದೇ ಸಾಲು: "ಪೇಂಟ್ ಯಾಕೋ ಮಾಡ್ಸಿಲ್ಲ?" ಭದ್ರಾವತಿಯಲ್ಲಿ ಹುಟ್ಟಿ ಬೆಳೆದವನಿಗೆ ತುಕ್ಕು ಕಂಡರೆ ಆಗಲ್ಲ, ಗೊತ್ತು. ಆದರೆ ಇದಕ್ಕೆ ವಾಟ್ಸಾಪಿನಲ್ಲಿ ಉತ್ತರ ಕೊಟ್ಟರೆ ಸರಿಹೋಗಲ್ಲ. ಅದಕ್ಕೇ ಪತ್ರ. ಹಳೇ ಗಾಡಿ ಹುಚ್ಚಿನ ಬೇರೆ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಬೈಬೇಡ.

ಕಾರು 1966ರ ಪ್ಲಿಮತ್ ವ್ಯಾಲಿಯಂಟ್, ಅಮೆರಿಕದ ಕ್ರೈಸ್ಲರ್ ಕಂಪನಿಯದು. ನಾಲ್ಕು ಬಾಗಿಲಿನ ಸಾದಾ ಸೆಡಾನ್. ಅಮೆರಿಕದ ಹಳೇ ಕಾರು ಅಂದ ಕೂಡಲೇ ಕಣ್ಣ ಮುಂದೆ ಬರುವ ರೆಕ್ಕೆ, ಮೈತುಂಬ ಕ್ರೋಮು, ವಿ-8 ಎಂಜಿನ್ ಯಾವುದೂ ಇದರಲ್ಲಿಲ್ಲ. ಆ ಕಾಲದ ಸಂಬಳದವರು ಲೆಕ್ಕ ಹಾಕಿ ಕೊಳ್ಳುತ್ತಿದ್ದ ಗಾಡಿ. ಮೂರು ಗೇರು, ಅದೂ ಸ್ಟೇರಿಂಗ್ ಪಕ್ಕದಲ್ಲಿ. ಅಂಬಾಸಿಡರ್, ಪದ್ಮಿನಿ ಎರಡೂ ಓಡಿಸಿದ ನಿನಗೆ ಊರು ದಾಟುವಷ್ಟರಲ್ಲಿ ಕೈಗೆ ಬರುತ್ತದೆ. ಫಸ್ಟ್ ಗೇರಿಗೆ ಸಿಂಕ್ರೋ, ಅಂದರೆ ಹಲ್ಲುಗಳ ವೇಗ ಹೊಂದಿಸಿ ಗೇರ್ ಕೂರಿಸುವ ಭಾಗ, ಇಲ್ಲ. ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು, ಇಲ್ಲಾಂದ್ರೆ ಕರಕರ ಅನ್ನುತ್ತದೆ.

ಪೇಂಟಿನ ವಿಷಯಕ್ಕೆ ಬರ್ತೇನೆ. ನಾನಿರುವುದು ಡೆಟ್ರಾಯಿಟ್ ಹತ್ತಿರ ಅಲ್ವಾ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ತಮಾಷೆ ಏನಂದ್ರೆ, ಈ ಊರಿನ ಕೆಳಗೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ದೊಡ್ಡ ಉಪ್ಪಿನ ಗಣಿ ಇದೆ. ಮೇಲೆ ಕಾರು ಮಾಡಿದರು, ಕೆಳಗಿನಿಂದ ಅದನ್ನು ತಿನ್ನುವ ಉಪ್ಪು ತೆಗೆದರು. ವ್ಯಾಲಿಯಂಟ್‌ಗೆ ಲಾರಿಗಿರುವಂಥ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಮುಂದಿನ ಸಸ್ಪೆನ್ಷನ್ನಿಗೆ ಸ್ಪ್ರಿಂಗ್ ಬದಲು ಉದ್ದನೆಯ ಎರಡು ಟಾರ್ಷನ್ ಬಾರ್ ಇವೆ. ಚಕ್ರ ಗುಂಡಿಗೆ ಇಳಿದಾಗ ಆ ಸರಳು ತಿರುಚಿಕೊಂಡು ಭಾರ ತಡೆಯುತ್ತದೆ. ಅವುಗಳ ಹಿಂದಿನ ತುದಿ ಮುಂದಿನ ಸೀಟಿನ ಕೆಳಗೆ ಅಡ್ಡ ಹಾಯ್ದ ಒಂದು ಕಬ್ಬಿಣದ ಪೆಟ್ಟಿಗೆಯಂಥ ಭಾಗಕ್ಕೆ ಸಿಕ್ಕಿಕೊಂಡಿದೆ. ಅದು ತುಕ್ಕು ಹಿಡಿದು ಪೊಳ್ಳಾದರೆ ಮೇಲೆ ಎಷ್ಟು ಹೊಳೆದರೂ ಆ ಕಾರು ಗುಜರಿಗೇ ಲಾಯಕ್ಕು.

ಹಾಗಾಗಿ ಕೊಳ್ಳುವ ಮೊದಲು ಬಾನೆಟ್ ಎತ್ತಲಿಲ್ಲ. ಕೆಳಗೆ ತೂರಿಕೊಂಡು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದೆ. ಗಟ್ಟಿ ತಗಡು ಠಣ್ ಅನ್ನುತ್ತದೆ, ಸತ್ತ ತಗಡು ದಬ್ ಅನ್ನುತ್ತದೆ. ಬಾಡಿಯ ಮೇಲೆ ಅಯಸ್ಕಾಂತ ಹಿಡಿದು ನೋಡಿದೆ. ಪುಟ್ಟಿ ಮೆತ್ತಿದ ಕಡೆ ಅದು ಅಂಟಲ್ಲ. ಡಿಕ್ಕಿಯ ನೆಲದಲ್ಲಿ ಒಂದು ತೂತು, ಹಿಂದಿನ ಚಕ್ರದ ಮೇಲೆ ಒಂದಷ್ಟು ತುಕ್ಕು. ಟಾರ್ಷನ್ ಬಾರ್ ಹಿಡಿದ ಜಾಗ ಮಾತ್ರ ಗಟ್ಟಿ. ಇಷ್ಟು ಸಾಕಿತ್ತು. ಬಾನೆಟ್ ಮೇಲೆ ಬಣ್ಣ ಮಾಸಿ ಪ್ರೈಮರ್ ಕಾಣುತ್ತಿರುವುದು ನಿಜ. ಅದರಿಂದ ಯಾರೂ ಸಾಯುವುದಿಲ್ಲ.

ಬ್ರೇಕಿನಿಂದ ಸಾಯಬಹುದು. 1966ರ ಈ ಕಾರಿನಲ್ಲಿ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. ಪೆಡಲ್ ಒತ್ತಿದರೆ ಒಂದೇ ಪಿಸ್ಟನ್ ನಾಲ್ಕೂ ಚಕ್ರಕ್ಕೆ ಆಯಿಲ್ ತಳ್ಳುತ್ತದೆ. ಎಲ್ಲಾದರೂ ಒಂದು ಕಡೆ ಪೈಪ್ ಒಡೆಯಿತೋ, ಪೆಡಲ್ ನೆಲಕ್ಕೆ. ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಮರುವರ್ಷದ, ಅಂದರೆ 1967ರ ಮಾಡೆಲ್‌ನಿಂದ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಬಂತು. ಮುಂದಿನದಕ್ಕೊಂದು, ಹಿಂದಿನದಕ್ಕೊಂದು. ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ. ನಾನು ಮೊದಲು ಮಾಡಿದ ಕೆಲಸ ಇದೇ. ಆಮೇಲಿನ ಮಾಡೆಲಿನ ಮಾಸ್ಟರ್ ಸಿಲಿಂಡರ್ ತಂದು ಕೂರಿಸಿ, ಮುಂದಿನ ಲೈನು, ಹಿಂದಿನ ಲೈನು ಬೇರೆ ಮಾಡಿದೆ. ತುಕ್ಕು ಹಿಡಿದ ಸ್ಟೀಲ್ ಪೈಪುಗಳನ್ನು ಕಿತ್ತು ತಾಮ್ರ-ನಿಕ್ಕಲ್ ಪೈಪ್ ಎಳೆದೆ. ಇದು ಉಪ್ಪಿಗೆ ಜಗ್ಗಲ್ಲ, ಕೈಯಲ್ಲೇ ಬಗ್ಗುತ್ತದೆ.

ಬ್ರೇಕ್ ಆಯಿಲ್ ಹೋಗುವ ರಬ್ಬರ್ ಹೋಸ್ ವಿಷಯ ನಿನಗೆ ಹೇಳಲೇಬೇಕು. ನಿನ್ನಪ್ಪನ ಪದ್ಮಿನಿಗೂ ಆಗುತ್ತದೆ. ಹಳೇ ಹೋಸ್ ಹೊರಗಿನಿಂದ ನೋಡಲು ಚೆನ್ನಾಗೇ ಇರುತ್ತದೆ. ಒಳಗಡೆ ಊದಿಕೊಂಡು ದಾರಿ ಕಟ್ಟಿರುತ್ತದೆ. ಪೆಡಲ್ ಒತ್ತುವ ಜೋರಿಗೆ ಆಯಿಲ್ ಹೇಗೋ ಚಕ್ರಕ್ಕೆ ಹೋಗುತ್ತದೆ, ಕಾಲು ತೆಗೆದ ಮೇಲೆ ವಾಪಸ್ ಬರಲ್ಲ. ಬ್ರೇಕ್ ಹಿಡಿದೇ ಇರುತ್ತದೆ. ಜನ ಚಕ್ರದೊಳಗಿನ ವೀಲ್ ಸಿಲಿಂಡರ್ ಬದಲಾಯಿಸುತ್ತಾರೆ, ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಶೂ ಬದಲಾಯಿಸುತ್ತಾರೆ, ಹೋಸ್ ಕಡೆ ನೋಡುವುದೇ ಇಲ್ಲ. ಪತ್ತೆ ಮಾಡೋದು ಸುಲಭ. ಚಕ್ರ ಎತ್ತಿ, ಬ್ರೇಕ್ ಹಿಡಿದಿರುವಾಗಲೇ ಆ ಚಕ್ರದ ಸಿಲಿಂಡರಿನಲ್ಲಿ ಆಯಿಲ್, ಏರ್ ಹೊರಬಿಡುವ ಬ್ಲೀಡರ್ ಸ್ಕ್ರೂ ಸ್ವಲ್ಪ ಸಡಿಲಿಸು. ಆಯಿಲ್ ಚಿಮ್ಮಿ ಚಕ್ರ ತಿರುಗತೊಡಗಿದರೆ ತೊಂದರೆ ಇರುವುದು ಸಿಲಿಂಡರಿನಲ್ಲಲ್ಲ, ಅದರ ಹಿಂದಿನ ದಾರಿಯಲ್ಲಿ. ಈ ಕಾರಿನಲ್ಲಿ ಮೂರೇ ಹೋಸ್, ಮುಂದೆ ಎರಡು, ಹಿಂದಿನ ಆಕ್ಸಲ್‌ಗೆ ಒಂದು. ಮೂರನ್ನೂ ಬಿಸಾಕಿದೆ.

ಬ್ರೇಕ್ ಪೈಪಿನಿಂದ ಏರ್ ತೆಗೆಯುವಾಗ ಮಗಳು ಪೆಡಲ್ ಮೇಲೆ, ನಾನು ಕಾರಿನ ಕೆಳಗೆ. "ಒತ್ತು... ಹಿಡ್ಕೋ... ಬಿಡು." ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಬೇಕು. ಇಲ್ಲಿ ಸ್ಟೇರಿಂಗ್ ಎಡಕ್ಕಿರುವುದರಿಂದ ಹಿಂದಿನ ಬಲಗಡೆಯದು, ನಿನಗೆ ಹಿಂದಿನ ಎಡಗಡೆಯದು. ಹಾಂ, ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಉಸಿರಿನಲ್ಲಿ ಒಳಗೆ ಹೋದರೆ ಅಪಾಯ. ಡ್ರಮ್ಮಿನ ಪುಡಿಗೆ ಗಾಳಿ ಹೊಡೆಯಬೇಡ, ಒದ್ದೆ ಮಾಡಿ ಒರೆಸು. ನಿನ್ನ ಗ್ಯಾರೇಜಿನ ಹುಡುಗರಿಗೂ ಹೇಳು.

ಚಕ್ರ ಬಿಚ್ಚುವಾಗ ಇನ್ನೊಂದು ಮಜಾ. ಕ್ರೈಸ್ಲರ್‌ನವರು ಆ ಕಾಲದಲ್ಲಿ ಎಡಗಡೆ ಚಕ್ರಗಳಿಗೆ ಉಲ್ಟಾ ಥ್ರೆಡ್ಡಿನ ನಟ್ಟು ಹಾಕುತ್ತಿದ್ದರು. ಚಕ್ರ ತಿರುಗುವ ದಿಕ್ಕಿಗೆ ನಟ್ಟು ಸಡಿಲವಾಗಬಾರದು ಅಂತ. ಬೋಲ್ಟಿನ ತುದಿಯಲ್ಲಿ 'ಎಲ್' ಅಂತ ಅಚ್ಚು ಇರುತ್ತದೆ. ಗೊತ್ತಿಲ್ಲದವರು ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಲೇ ಹೋಗಿ ಬೋಲ್ಟ್ ಮುರಿಯುತ್ತಾರೆ. ಇಲ್ಲಿನ ಒಂದು ಟೈರ್ ಅಂಗಡಿಯ ಹುಡುಗ ಏರ್ ಗನ್ ಹಿಡಿದು ಒಂದು ಬೋಲ್ಟನ್ನು ಹಾಗೇ ತುಂಡು ಮಾಡಿದ. ಅವನು ಹುಟ್ಟುವ ಎಷ್ಟೋ ವರ್ಷ ಮೊದಲೇ ಆ ಪದ್ಧತಿ ನಿಂತಿತ್ತು, ಅವನಿಗೇನು ಗೊತ್ತು. ಈಗ ಚಕ್ರ ಮನೆಯಲ್ಲೇ ಬಿಚ್ಚಿ ಅಂಗಡಿಗೆ ಒಯ್ಯುತ್ತೇನೆ.

ಇನ್ನು ಎಂಜಿನ್. 225 ಘನ ಇಂಚು, ನಮ್ಮ ಲೆಕ್ಕದಲ್ಲಿ 3.7 ಲೀಟರ್. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ, ಆದರೆ ನೆಟ್ಟಗೆ ನಿಂತಿಲ್ಲ. 30 ಡಿಗ್ರಿ ಬಲಕ್ಕೆ ವಾಲಿದೆ. ಅದಕ್ಕೇ ಎಲ್ಲರೂ ಸ್ಲ್ಯಾಂಟ್ ಸಿಕ್ಸ್ ಅಂತಾರೆ. ವಾಲಿಸಿದ್ದರಿಂದ ಬಾನೆಟ್ ತಗ್ಗಾಯಿತು, ಎಡಗಡೆ ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಒಯ್ಯುವ ಮ್ಯಾನಿಫೋಲ್ಡ್‌ನ ಉದ್ದ ಪೈಪುಗಳಿಗೆ ಜಾಗ ಸಿಕ್ಕಿತು. 1960ರ ಮಾಡೆಲ್‌ನಿಂದ ಶುರುವಾಗಿ 1983ರವರೆಗೆ ಕಾರುಗಳಲ್ಲಿ ಇದನ್ನು ಹಾಕಿದರು. ಅದಕ್ಕೇ ಬಿಡಿಭಾಗಕ್ಕೆ ಇವತ್ತಿಗೂ ಪರದಾಟ ಇಲ್ಲ. ವಾಲಿದ್ದರ ಶಿಕ್ಷೆ ಬಲಗಡೆ. ಪ್ಲಗ್ಗು, ಡಿಸ್ಟ್ರಿಬ್ಯೂಟರ್ ಎಲ್ಲ ಆ ವಾಲಿದ ಹೊಟ್ಟೆಯ ಅಡಿಗೆ. ಆಯಿಲ್ ಫಿಲ್ಟರ್ ಬೇರೆ ತಲೆಕೆಳಗಾಗಿ ನಿಂತಿದೆ. ಬಿಚ್ಚಿದ ಕೂಡಲೇ ಉಳಿದ ಆಯಿಲ್ ಸುತ್ತಲೂ ಚೆಲ್ಲುತ್ತದೆ. ಕೆಳಗೆ ಹಳೇ ಬನಿಯನ್ ತುರುಕಿಟ್ಟೇ ಕೈ ಹಾಕುತ್ತೇನೆ.

ನನಗೆ ಇಷ್ಟದ ಕೆಲಸ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದಿ ಹೊಂದಿಸುವುದು. ಎಂಜಿನ್ ಪೂರ್ತಿ ಬಿಸಿಯಾಗಿ, ಓಡುತ್ತಿರುವಾಗಲೇ ಮಾಡುವುದು. ಹೌದು ಮಾರಾಯ, ಓಡುತ್ತಿರುವಾಗಲೇ! ಐಡ್ಲಿಂಗ್ ತಗ್ಗಿಸಿ, ಮೇಲಿನ ಕವರ್ ತೆಗೆದರೆ ಹನ್ನೆರಡು ರಾಕರ್‌ಗಳು ಟಕಟಕ ಕುಣಿಯುತ್ತಿರುತ್ತವೆ. ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಟೇಕ್ ವಾಲ್ವಿಗೆ 0.010 ಇಂಚು, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿಗೆ 0.020. ಕುಣಿಯುತ್ತಿರುವ ಆ ಸಂದಿಗೆ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಪಟ್ಟಿ, ತೂರಿಸಬೇಕು. ಲಾಕ್ ನಟ್ಟು ಇಲ್ಲ, ಸ್ಕ್ರೂ ತಾನೇ ಬಿಗಿಯಾಗಿ ನಿಲ್ಲುತ್ತದೆ. ಗೇಜ್ ಒಳಗೆ ಹೋದ ಕೂಡಲೇ ಟಕ್ ಅನ್ನುವ ಸದ್ದು ಮೆತ್ತಗಾಗುತ್ತದೆ. ಎಳೆದರೆ ಬೆರಳಿಗೆ ಸಣ್ಣ ಜಗ್ಗಾಟ ಸಿಗಬೇಕು. ಜಾಸ್ತಿ ಜಗ್ಗಿದರೆ ಬಿಗಿ, ಸರ್ರನೆ ಬಂದರೆ ಸಡಿಲ. ಅಷ್ಟರಲ್ಲಿ ಬಿಸಿ ಆಯಿಲ್ ಮುಂಗೈ ಮೇಲೆ ಹನಿಹನಿ ಸಿಡಿಯುತ್ತಿರುತ್ತದೆ. ಎಲ್ಲ ಸರಿಯಾದ ಮೇಲೂ ಸದ್ದು ಪೂರ್ತಿ ನಿಲ್ಲಲ್ಲ. ಹೊಲಿಗೆ ಮಷಿನ್ನಿನ ಹಾಗೆ ಸಣ್ಣಗೆ ಟಿಕಟಿಕ ಇರಬೇಕು. ಸದ್ದೇ ಇಲ್ಲದ ಟ್ಯಾಪೆಟ್ಟಿಗೆ ನಾನು ಹೆದರುತ್ತೇನೆ. ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಇದರಲ್ಲಿ ಇನ್ನೊಂದು ಉಪಯೋಗ ಇದೆ. ಈ ಎಂಜಿನ್ ಮಾಡಿದ ಕಾಲದ ಪೆಟ್ರೋಲಿನಲ್ಲಿ ಸೀಸ ಇತ್ತು. ಅದು ಎಕ್ಸಾಸ್ಟ್ ವಾಲ್ವ್ ಸೀಟಿಗೆ, ಅಂದರೆ ವಾಲ್ವ್ ಬಂದು ಮುಚ್ಚಿಕೊಳ್ಳುವ ಅಂಚಿಗೆ, ಒಂದು ಪದರದ ಹಾಗೆ ಕೂತು ಸವೆತ ತಡೆಯುತ್ತಿತ್ತು. ಅಮೆರಿಕದ ರಸ್ತೆಗಳಲ್ಲಿ 1996ರಿಂದ ಸೀಸದ ಪೆಟ್ರೋಲ್ ಪೂರ್ತಿ ನಿಷೇಧ. ಒಳ್ಳೇದೇ ಆಯಿತು ಬಿಡು, ಮಕ್ಕಳ ತಲೆಗೆ ವಿಷ ಅದು. ಆದರೆ ಹಳೇ ಸೀಟು ಸವೆದರೆ ವಾಲ್ವ್ ಇನ್ನೂ ಮೇಲಕ್ಕೆ ಸರಿದು ಕೂರುತ್ತದೆ, ಟ್ಯಾಪೆಟ್ ಸಂದಿ ಕಮ್ಮಿಯಾಗುತ್ತದೆ. ಪ್ರತಿ ಸಲ ಅಳತೆ ಬರೆದಿಟ್ಟರೆ ಹೆಡ್ ಬಿಚ್ಚದೇ ಸೀಟಿನ ಆರೋಗ್ಯ ಗೊತ್ತಾಗುತ್ತದೆ. ನಾನು ಮೆಲ್ಲಗೆ ಓಡಿಸುವುದರಿಂದ ಇಲ್ಲಿತನಕ ತೊಂದರೆ ಕಂಡಿಲ್ಲ.

ವೈರಿಂಗ್ ಬಗ್ಗೆ ಎರಡೇ ಮಾತು. ಬಾನೆಟ್ ಒಳಗಿನ ಗೋಡೆಯ ಮೇಲೆ ಪಿಂಗಾಣಿಯ ಸಣ್ಣ ತುಂಡು ಒಂದಿದೆ, ಬ್ಯಾಲಸ್ಟ್ ರೆಸಿಸ್ಟರ್. ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ಗೆ ಹೋಗುವ ಕರೆಂಟನ್ನು ತಗ್ಗಿಸುವುದು ಅದರ ಕೆಲಸ. ಸೆಲ್ಫ್ ಹೊಡೆಯುವಾಗ ಮಾತ್ರ ಅದನ್ನು ದಾಟಿ ಪೂರ್ತಿ ಕರೆಂಟ್ ಹೋಗುತ್ತದೆ. ಹಾಗಾಗಿ ಅದು ಸುಟ್ಟರೆ ಕೀ ತಿರುಗಿಸಿದಾಗ ಎಂಜಿನ್ ಹತ್ತುತ್ತದೆ, ಕೀ ಬಿಟ್ಟ ಕೂಡಲೇ ಸಾಯುತ್ತದೆ. ಕಾರ್ಬುರೇಟರ್ ಬಿಚ್ಚಿ ಕೂರುವ ಮೊದಲು ಇದನ್ನು ನೋಡಬೇಕು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಸ್ಪೇರ್ ಸದಾ ಇರುತ್ತದೆ. ಇನ್ನೊಂದು, ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರ್. ಬ್ಯಾಟರಿ ಚಾರ್ಜ್ ಆಗುವ ಅಷ್ಟೂ ಕರೆಂಟ್ ಆ ಮೀಟರ್ ಮೂಲಕವೇ, ಒಂದು ಪ್ಲಾಸ್ಟಿಕ್ ಕನೆಕ್ಟರ್ ದಾಟಿ ಹೋಗಿ ಬರುತ್ತದೆ. ಹಳತಾದರೆ ಆ ಪಿನ್ನುಗಳು ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ಬಿಚ್ಚಿ ನೋಡಿದಾಗ ನನ್ನದೂ ಕಂದುಗಟ್ಟಿತ್ತು. ಆ ಎರಡು ವೈರುಗಳನ್ನು ಕನೆಕ್ಟರ್ ಬಿಟ್ಟು ನೇರವಾಗಿ ಎಳೆದೆ.

ಇಂಥ ಬದಲಾವಣೆಗೇ ಇಲ್ಲಿನ ಹಳೇ ಕಾರಿನ ಕೆಲವರ ಜೊತೆ ನನಗೆ ಜಟಾಪಟಿ. ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇರಬೇಕು ಅಂತ ಅವರ ವಾದ. ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ನೋಡಿ ಒಬ್ಬರು ಮುಖ ಸಿಂಡರಿಸಿದರು. ಅವರ ಕಾರು ಟ್ರೇಲರ್ ಮೇಲೆ ಬರುತ್ತದೆ, ಟ್ರೇಲರ್ ಮೇಲೆ ಹೋಗುತ್ತದೆ. ನನ್ನದು ಲಾರಿಗಳ ಮಧ್ಯೆ ಓಡಬೇಕು. ಎಂಜಿನ್, ಗೇರು, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟು, ಸೀಟಿನ ಬಟ್ಟೆ ಯಾವುದನ್ನೂ ನಾನು ಬದಲಾಯಿಸಿಲ್ಲ. ಜೀವ ತೆಗೆಯುವ ಎರಡು ಜಾಗ ಮಾತ್ರ ಬದಲಾಯಿಸಿದೆ, ಬ್ರೇಕು ಮತ್ತು ಬೆಂಕಿ ಹತ್ತುವ ವೈರು. ಹಳೇ ಭಾಗಗಳನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಬೇಕಾದವರು ನನ್ನ ನಂತರ ಹಾಕಿಕೊಳ್ಳಲಿ.

ನಿನ್ನ ಊರಿನವರಿಗೆ ಈ ಕ್ರೈಸ್ಲರ್ ಕಂಪನಿ ಪೂರ್ತಿ ಹೊರಗಿನದಲ್ಲ, ಗೊತ್ತಾ? ನಿಮ್ಮ ಕಬ್ಬಿಣದ ಕಾರ್ಖಾನೆ ಕಟ್ಟಿ ನಿಲ್ಲಿಸಿದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಗೂ ಯೋಜನೆ ಹಾಕಿದ್ದರು. ಯುರೋಪ್, ಅಮೆರಿಕ ಸುತ್ತಿ ಕಾರ್ಖಾನೆ ನೋಡಿಕೊಂಡು ಬಂದಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಆ ಕೆಲಸಕ್ಕೆ ಕೈಜೋಡಿಸಿದ್ದರು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು, ಇವತ್ತಿನ ಎಚ್‌ಎಎಲ್. 1944ರಲ್ಲಿ ಪ್ರೀಮಿಯರ್ ಅನ್ನುವ ಕಾರು ಕಂಪನಿ ಕಟ್ಟಿ, ಮುಂದೆ ಕ್ರೈಸ್ಲರ್ ಜೊತೆಗಿನ ಒಪ್ಪಂದದಲ್ಲಿ ಮುಂಬಯಿಯಲ್ಲಿ ಡಾಡ್ಜ್, ಪ್ಲಿಮತ್ ಜೋಡಿಸಿದರು. ನಿನ್ನಪ್ಪನ ಪದ್ಮಿನಿ ಅದೇ ಪ್ರೀಮಿಯರ್‌ನದು. ಕಾರ್ಖಾನೆ ಆಗ ಮೈಸೂರು ಸೀಮೆಗೆ ಬಂದಿದ್ದರೆ ನಾವಿಬ್ಬರೂ ಬಹುಶಃ ಅಲ್ಲೇ ನಟ್ಟು ತಿರುಗಿಸುತ್ತಿದ್ದೆವು.

ಆಗಸ್ಟಿನಲ್ಲಿ ನೀನು ಬರುವುದು ಖಾತ್ರಿ ತಾನೇ? ಆ ತಿಂಗಳೇ ಒಳ್ಳೇದು. ನನ್ನ ಕಾರಿಗಿರುವುದು ಹಳೇ ವಾಹನದ ನಂಬರ್ ಪ್ಲೇಟ್. ಮಿಷಿಗನ್‌ನಲ್ಲಿ ಅದಿದ್ದರೆ ಉಳಿದ ತಿಂಗಳು ಪ್ರದರ್ಶನ, ಮೆರವಣಿಗೆ, ಕ್ಲಬ್ಬಿನ ಓಡಾಟಕ್ಕೆ ಮಾತ್ರ ತೆಗೆಯಬಹುದು. ಆಗಸ್ಟಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಮೂರನೇ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ದೊಡ್ಡ ಸವಾರಿ ಇರುತ್ತದೆ, 1995ರಿಂದ ನಡೆದುಕೊಂಡು ಬಂದಿದೆ. ಅಲ್ಲಿಗೆ ಹೋಗೋಣ. ಆಮೆವೇಗದ ಟ್ರಾಫಿಕ್ಕು, ರೇಡಿಯೇಟರ್ ಕಡೆ ಒಂದು ಕಣ್ಣಿಟ್ಟಿರಬೇಕು. ಎಸಿ ಇಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.

ನಿನ್ನ ಮಿಲಿಮೀಟರ್ ಪಾನಾ ಸೆಟ್ ತರಬೇಡ, ಇಲ್ಲಿ ಎಲ್ಲ ಇಂಚಿನ ಲೆಕ್ಕ. ಈ ಸಲದ ಟ್ಯಾಪೆಟ್ ಸೆಟ್ಟಿಂಗ್ ನಿನಗೆ ಅಂತ ಬಾಕಿ ಇಟ್ಟಿದ್ದೇನೆ. ಒಂದು ಹಳೇ ಶರ್ಟ್ ತಗೊಂಡು ಬಾ. ಅತ್ತಿಗೆಗೆ, ಮಕ್ಕಳಿಗೆ ನೆನಪು ಹೇಳು.

ನಿನ್ನ ಗೆಳೆಯ