‘ಏನೂ ಆಗಲ್ಲ ಬಿಡು’ ಎನ್ನದವರಿಗೆ

ಮೊನ್ನೆ ನನ್ನ ಕೌನ್ಸೆಲಿಂಗ್ ಮುಗಿಯಿತು. ‘ಇನ್ನು ಬರಬೇಕಾಗಿಲ್ಲ, ಬೇಕು ಅನ್ನಿಸಿದರೆ ಫೋನ್ ಮಾಡಿ’ ಎಂದರು ಮೇಡಂ. ಕೋವಿಡ್ ಕಾಲದಲ್ಲಿ ನನ್ನನ್ನು ಹಿಡಿದುಕೊಂಡ ಕಾಯಿಲೆಯ ಭಯ, ಕೋವಿಡ್ ಅಬ್ಬರ ಇಳಿದ ಮೇಲೂ ಬಿಟ್ಟಿರಲಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಆರೋಗ್ಯ ತುರ್ತುಸ್ಥಿತಿ ಮುಗಿಯಿತು ಎಂದು ಹೇಳಿತು. ನನ್ನದು ಮುಗಿಯಲು ಇನ್ನೂ ಸಾಕಷ್ಟು ಸಮಯ ಹಿಡಿಯಿತು. ಅಷ್ಟೂ ದಿನ ನನ್ನನ್ನು ಸಹಿಸಿಕೊಂಡವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು. ಹೆಸರು ಹಾಕುವುದಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಮೊದಲು ನನ್ನ ತಮ್ಮನಿಗೆ. ಆ ದಿನಗಳಲ್ಲಿ ಸುಮಾರು ಜನ ನನಗೆ ‘ಏನೂ ಆಗಲ್ಲ ಬಿಡು’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮಾತು ನನ್ನಲ್ಲಿ ಅರ್ಧ ಗಂಟೆಯೂ ಬಾಳಿಕೆ ಬರುತ್ತಿರಲಿಲ್ಲ. ತಮ್ಮನೂ ಮೊದಮೊದಲು ಹಾಗೇ ಹೇಳುತ್ತಿದ್ದ. ಹಣೆ ಮುಟ್ಟಿ ನೋಡು ಎಂದರೆ ನೋಡುತ್ತಿದ್ದ. ಬಿಸಿ ಇಲ್ಲ ಎಂದರೆ, ‘ಸರಿಯಾಗಿ ನೋಡಿದ್ಯಾ? ನಿನ್ನ ಕೈಯೇ ಬಿಸಿ ಇದ್ರೆ?’ ಎಂದು ಕೇಳುತ್ತಿದ್ದೆ. ಆಮೇಲೆ ಥರ್ಮಾಮೀಟರ್. ಅದರ ಮೇಲೂ ಅನುಮಾನ. ಆಮೇಲೆ ಮತ್ತೆ ಅವನ ಕೈ.

ಒಂದು ದಿನ ಅವನು ಉತ್ತರ ಕೊಡುವುದನ್ನೇ ನಿಲ್ಲಿಸಿದ. ‘ಅಕ್ಕ, ಇದಕ್ಕೆ ನಾನು ಉತ್ತರ ಹೇಳಲ್ಲ. ಕೋಪ ಏನಿಲ್ಲ. ಹೇಳಿದ್ರೆ ಇನ್ನೊಂದು ಗಂಟೆಗೆ ಮತ್ತೆ ಕೇಳ್ತೀಯ. ಬಾ, ಸುಮ್ನೆ ಜೊತೇಲಿ ಕೂತ್ಕೊಳ್ಳೋಣ’ ಎಂದ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಇವನಿಗೆ ಕರುಳೇ ಇಲ್ಲ ಅಂದುಕೊಂಡೆ. ಅವನಿಗೆ ಹಾಗೆ ಮಾಡಲು ಹೇಳಿಕೊಟ್ಟವರು ಕೌನ್ಸೆಲರ್ ಎಂದು ಆಮೇಲೆ ಗೊತ್ತಾಯಿತು. ಧೈರ್ಯ ಹೇಳಿ ಎಂದು ಕೇಳುವುದು ತುರಿಕೆಯನ್ನು ಕೆರೆದ ಹಾಗೆ. ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆಮೇಲೆ ಜಾಸ್ತಿಯಾಗುತ್ತದೆ. ಇದನ್ನು ತಿಳಿದುಕೊಳ್ಳುವುದು ಸುಲಭ. ಎದುರಿಗೆ ಅಕ್ಕ ಅಳುತ್ತಾ ಕೂತಿರುವಾಗ ಬಾಯಿ ಬಿಗಿಹಿಡಿದು ಪಕ್ಕದಲ್ಲಿ ಇರುವುದಿದೆಯಲ್ಲ, ಅದು ಕಷ್ಟ. ಅವನು ಎದ್ದು ಹೋಗಲಿಲ್ಲ. ಫೋನ್ ನೋಡುತ್ತಲೂ ಕೂರಲಿಲ್ಲ.

ಮೇಡಂ ಬಗ್ಗೆ ಬರೆಯುತ್ತಾ ಹೋದರೆ ಇಲ್ಲಿಗೆ ಮುಗಿಯುವುದಿಲ್ಲ. ಅವರು ಒಂದು ಸಲವೂ ‘ಇದೆಲ್ಲ ನಿಮ್ಮ ಕಲ್ಪನೆ’ ಎನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ. ಜನ ನಿಜವಾಗಿಯೂ ಸಾಯುತ್ತಿದ್ದರು. ಹೆದರಿಕೆಗೆ ಕಾರಣ ಇತ್ತು. ‘ಮೊದಲು ಡಾಕ್ಟರ್ ಹತ್ತಿರ ಸರಿಯಾಗಿ ಒಂದು ತಪಾಸಣೆ ಮಾಡಿಸಿಕೊಂಡು ಬನ್ನಿ. ಅದಾದ ಮೇಲೆ ನೀವೇ ದಿನವಿಡೀ ಮಾಡಿಕೊಳ್ಳುವ ತಪಾಸಣೆಗಳ ಬಗ್ಗೆ ಮಾತಾಡೋಣ’ ಎಂದರು.

ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ ಎಂದು ನಾನು ಅಂದಾಗ ಅವರು ಮಾಡಿಸಿದ್ದು ತೀರಾ ಸರಳವಾದ ಕೆಲಸ. ಬೇಗ ಬೇಗ ನಾಲ್ಕೈದು ಸಲ ಎಂಜಲು ನುಂಗಿ ಎಂದರು. ಮೂರನೆಯದರ ಹೊತ್ತಿಗೇ ಗಂಟಲು ಒಣಗಿ ಕಟ್ಟಿಕೊಂಡಂತಾಯಿತು. ಅವರೂ ನುಂಗಿದರು, ಅವರಿಗೂ ಹಾಗೇ ಆಯಿತು. ನಾನು ದಿನವಿಡೀ ಮಾಡುತ್ತಿದ್ದುದು ಅದನ್ನೇ, ಪರೀಕ್ಷೆ ಎಂಬ ಹೆಸರಿನಲ್ಲಿ. ಕುತ್ತಿಗೆಯಲ್ಲಿ ಗಂಟು ಇದೆಯಾ ಎಂದು ಒತ್ತಿ ಒತ್ತಿ ನೋಡಿದರೆ ಆ ಜಾಗ ನೋಯದೆ ಇನ್ನೇನು?

ಎದೆ ಬಿಗಿತದ ಕಥೆಯೂ ಅಷ್ಟೇ. ಹೆದರಿದಾಗ ನಮಗೇ ಗೊತ್ತಿಲ್ಲದೆ ಉಸಿರಾಟ ಜೋರಾಗುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದರಿಂದ ಬೆರಳು, ತುಟಿ ಜುಮ್ ಎನ್ನುತ್ತವೆ, ತಲೆ ಹಗುರಾಗುತ್ತದೆ, ಉಸಿರು ಸಾಲುತ್ತಿಲ್ಲ ಅನ್ನಿಸುತ್ತದೆ. ಉಸಿರು ಸಾಲುತ್ತಿಲ್ಲ ಅನ್ನಿಸಿದರೆ ಇನ್ನಷ್ಟು ಎಳೆದುಕೊಳ್ಳುತ್ತೇವೆ, ಅಲ್ವಾ? ಆ ಕಾಯಿಲೆಯ ಮುಖ್ಯ ಲಕ್ಷಣಗಳಲ್ಲಿ ಒಂದು ಉಸಿರಾಟದ ತೊಂದರೆಯೇ ಆಗಿದ್ದಾಗ, ನನ್ನಂಥವಳ ತಲೆ ಎಲ್ಲಿಗೆ ಓಡಬೇಕು ಹೇಳಿ. ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದನ್ನು ಅವರು ಕಲಿಸಿದರು. ಅದೇನು ಮಂತ್ರವಲ್ಲ. ಎಷ್ಟೋ ಸಲ ಕೆಲಸ ಮಾಡಲಿಲ್ಲ. ಮಾಡಿದಾಗ ಮಾತ್ರ ದೊಡ್ಡ ಉಪಕಾರವಾಯಿತು.

ನಮ್ಮ ಡಾಕ್ಟರಿಗೆ ಬೇರೆ ಕಾರಣಕ್ಕೆ ಥ್ಯಾಂಕ್ಸ್. ಯಾವಾಗ ಫೋನ್ ಮಾಡಬೇಕು ಎಂದು ಅವರು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅದರಲ್ಲಿ ಇಲ್ಲದ್ದಕ್ಕೆ ಮಾಡುವ ಹಾಗಿಲ್ಲ. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್‌ನಲ್ಲಿ 95ರಿಂದ 100ರವರೆಗೆ ಸಾಮಾನ್ಯ, ಎರಡು ಅಂಕಿ ಆಚೀಚೆ ತೋರಿಸುವುದು ಆ ಯಂತ್ರದ ಗುಣ, ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣ ಹಚ್ಚಿದ್ದರೆ ಕಡಿಮೆ ತೋರಿಸಬಹುದು ಎಂದೂ ಹೇಳಿದ್ದರು. ನಾನು ಬೆರಳು ಬದಲಿಸಿ ಬದಲಿಸಿ ಹಾಕುತ್ತಿದ್ದೆ. 98 ಇದ್ದದ್ದು 96 ಆದರೆ ಲೋಕವೇ ಮುಳುಗಿತು. ಅಂದಹಾಗೆ, 1970ರ ದಶಕದಲ್ಲಿ ಈ ಯಂತ್ರದ ಮೂಲ ತತ್ವವನ್ನು ಕಂಡುಹಿಡಿದ ಜಪಾನಿನ ಎಂಜಿನಿಯರ್ ಟಕುವೊ ಅಓಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಜಗತ್ತಿನ ತುಂಬ ಜನ ಆ ಪುಟ್ಟ ಯಂತ್ರಕ್ಕಾಗಿ ಹುಡುಕಾಡುತ್ತಿದ್ದ ಹೊತ್ತಿನಲ್ಲಿ. ಎಷ್ಟೋ ಜೀವ ಉಳಿಸಿದ ಯಂತ್ರ ಅದು. ನನಗೆ ಕಾಟ ಕೊಟ್ಟದ್ದು ಅದರ ತಪ್ಪಲ್ಲ. ಅವರಿಗೂ ಒಂದು ನಮಸ್ಕಾರ.

ಅಂಕಿಅಂಶದ ಕೆಲಸ ಮಾಡುವ ಗೆಳತಿಗೆ ಕೊಡಬೇಕಾದ ಥ್ಯಾಂಕ್ಸ್ ಬಾಕಿ ಇದೆ. 2020ರ ಮಾರ್ಚ್ ಶುರುವಿನಲ್ಲಿ, ಅದುವರೆಗೆ ವರದಿಯಾದ ಸೋಂಕಿತರಲ್ಲಿ ಸುಮಾರು ಶೇ. 3.4ರಷ್ಟು ಜನ ಸತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ನಾನು ಆ ಅಂಕಿಯನ್ನು ಮನೆಯವರ ತಲೆಗಳಿಗೆ ಹಂಚಿ ಲೆಕ್ಕ ಹಾಕುತ್ತಾ ಕೂತಿದ್ದೆ. ಇವಳು ಕೇಳಿದ್ದು ಒಂದೇ ಪ್ರಶ್ನೆ: ‘ಭಾಗಾಕಾರದಲ್ಲಿ ಕೆಳಗೆ ಯಾರಿದ್ದಾರೆ?’ ಟೆಸ್ಟ್ ಮಾಡಿಸಿಕೊಂಡವರು ಮಾತ್ರ. ಸಣ್ಣಗೆ ಕೆಮ್ಮಿ ಮನೆಯಲ್ಲೇ ಮಲಗಿದವರು ಆ ಲೆಕ್ಕಕ್ಕೆ ಬಂದೇ ಇಲ್ಲ. ಟಿವಿ ತೋರಿಸುವ ‘ಒಟ್ಟು ಸೋಂಕಿತರು’ ಎಂಬ ಸಂಖ್ಯೆ ಏರುತ್ತಲೇ ಹೋಗುತ್ತದೆ, ಅಲೆ ಇಳಿದರೂ ಅದು ಇಳಿಯುವುದಿಲ್ಲ ಎಂದು ತೋರಿಸಿಕೊಟ್ಟವಳೂ ಇವಳೇ. ನೋಡಲೇಬೇಕಿದ್ದರೆ ವಾರದ ಸರಾಸರಿ ನೋಡು ಎಂದಳು. ಪರಿಸ್ಥಿತಿ ಕೆಟ್ಟದ್ದಾಗಿದ್ದಾಗ ಕೆಟ್ಟದ್ದಾಗಿದೆ ಎಂದೇ ಹೇಳಿದಳು. ಅದಕ್ಕೇ ಅವಳ ಮಾತು ನಂಬಿದೆ.

ಸುದ್ದಿಯ ವಿಷಯಕ್ಕೆ ಬಂದರೆ, ದಿನಕ್ಕೆ ಒಂದೆರಡು ಸಲ, ಗೊತ್ತಾದ ಹೊತ್ತಿನಲ್ಲಿ ಮಾತ್ರ ನೋಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಆ ಮಾರ್ಚ್‌ನಲ್ಲೇ ಸಲಹೆ ಕೊಟ್ಟಿತ್ತು. ಓದಿದ್ದೆ. ಪಾಲಿಸುವುದು ಹೇಗೆ? ಮಲಗುವ ಮೊದಲು ಕಡೆಯ ಬಾರಿ ಎಂದು ಫೋನ್ ತೆಗೆದರೆ ಬೆಳಗಿನ ಜಾವ. 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ನಡೆದ ಒಂದು ಅಧ್ಯಯನದ ಬಗ್ಗೆ ಮೇಡಂ ಹೇಳಿದ್ದರು. ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಅದರ ಸುದ್ದಿ ನೋಡಿದವರಲ್ಲಿ, ಆ ಜಾಗದಲ್ಲೇ ಇದ್ದವರಿಗಿಂತಲೂ ಹೆಚ್ಚು ಒತ್ತಡದ ಲಕ್ಷಣ ಕಂಡಿತ್ತಂತೆ. ನನಗೆ ಆಶ್ಚರ್ಯವಾಗಲಿಲ್ಲ.

ಆಗ ನನ್ನ ಕೈ ಹಿಡಿದದ್ದು ಒಬ್ಬ ಸಹೋದ್ಯೋಗಿ. ‘ನೀವು ನೋಡಬೇಡಿ, ನಾನು ನೋಡಿ ಹೇಳ್ತೀನಿ’ ಎಂದರು. ಪ್ರತಿ ಸಂಜೆ ಎರಡು ಮೂರು ಸಾಲಿನ ಮೆಸೇಜ್ ಬರುತ್ತಿತ್ತು. ನಿಯಮ ಏನು ಬದಲಾಗಿದೆ, ಲಸಿಕೆ ವಿಷಯ ಏನು, ನಾಳೆ ನಾವು ಏನಾದರೂ ಮಾಡಬೇಕಾ. ಎಷ್ಟೋ ದಿನ ‘ಇವತ್ತು ಹೊಸದೇನಿಲ್ಲ’ ಎಂದಷ್ಟೇ. ಸಾರ್, ಆ ಎರಡು ಸಾಲಿಗಾಗಿ ನೀವು ಎಷ್ಟು ಕೆಟ್ಟ ಸುದ್ದಿ ಓದಿದಿರೋ, ಅದು ನಿಮ್ಮ ನಿದ್ದೆಯನ್ನು ಎಷ್ಟು ತಿಂದಿತೋ, ನಾನು ಆಗ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಒಂದು ದಿನ ಸಿಗೋಣ.

ಕೆಂಪು ಪಟ್ಟಿ, ಎದೆ ಬಡಿತದಂಥ ಸದ್ದು ಹಾಕಿ ಸಾವಿನ ಲೆಕ್ಕ ಓದಿದ ಚಾನೆಲ್‌ಗಳಿಗೆ ಇಲ್ಲಿ ಜಾಗವಿಲ್ಲ. ‘ಪಾಸಿಟಿವ್ ಆಗಿ ಯೋಚನೆ ಮಾಡಿ’ ಎಂದವರಿಗೂ ಇಲ್ಲ. ಆ ಕಾಲದಲ್ಲಿ ಆ ಪದ ಕೇಳಿದರೇ ಜ್ವರ ಬರುತ್ತಿತ್ತು.

ಕೋವಿಡ್ ನನಗೂ ಬಂತು, ಹೋಯಿತು. ಅಲ್ಲಿಗೆ ಭಯವೂ ಹೋಗುತ್ತದೆ ಅಂದುಕೊಂಡಿದ್ದೆವು. ಅದು ಜಾಗ ಬದಲಿಸಿತು, ಅಷ್ಟೇ. ಶ್ವಾಸಕೋಶ ಬಿಟ್ಟು ಹೃದಯಕ್ಕೆ, ಆಮೇಲೆ ತಲೆನೋವಿಗೆ. ಕೌನ್ಸೆಲಿಂಗ್ ಇಷ್ಟು ಉದ್ದ ಎಳೆದದ್ದು ಅದಕ್ಕೇ.

ಇನ್ನು ಚಿಕ್ಕಮ್ಮ. ಇದನ್ನು ಬರೆಯಲಾ ಬೇಡವಾ ಎಂದು ಅವರನ್ನೇ ಕೇಳಿದೆ, ‘ಬರಿ’ ಎಂದರು. ಚಿಕ್ಕಪ್ಪನನ್ನು ಕೋವಿಡ್ ತೆಗೆದುಕೊಂಡು ಹೋಯಿತು. ಕೊನೆಯಲ್ಲಿ ಮುಖ ನೋಡಲೂ ಆಗಲಿಲ್ಲ. ಅವರ ಮುಂದೆ ನನ್ನ ಗಂಟಲು ಕೆರೆತದ ಮಾತು ಎತ್ತಲು ನಾಚಿಕೆಯಾಗುತ್ತಿತ್ತು. ಫೋನ್ ಮಾಡುವುದನ್ನೇ ಬಿಟ್ಟೆ. ಅವರೇ ಮಾಡಿದರು. ‘ನಂಗೆ ದುಃಖ ಇದೆ, ನಿಂಗೆ ಭಯ ಇದೆ. ಯಾವುದು ಜಾಸ್ತಿ ಅಂತ ತೂಕ ಹಾಕೋಕೆ ನಂಗೆ ಪುರುಸೊತ್ತಿಲ್ಲ. ಮಾತಾಡು’ ಎಂದರು. ಆಮೇಲೆ ಹೆಚ್ಚು ಕಡಿಮೆ ದಿನಾ ಮಾತಾಡಿದೆವು. ನನ್ನ ಕಾಯಿಲೆಯ ಬಗ್ಗೆ ಸ್ವಲ್ಪ, ಚಿಕ್ಕಪ್ಪನ ಬಗ್ಗೆ ಸ್ವಲ್ಪ, ಉಳಿದದ್ದು ಬರೀ ಊರ ಹರಟೆ. ಚಿಕ್ಕಮ್ಮ, ನಿಮ್ಮ ಹತ್ತಿರ ತೆಗೆದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಈಗ ಪೂರ್ತಿ ಗುಣವಾದೆನಾ ಎಂದು ಕೇಳಿದರೆ ಏನು ಹೇಳಲಿ? ಹೊಸ ವೈರಸ್ ಎಂಬ ಸುದ್ದಿ ಕಂಡರೆ ಇವತ್ತಿಗೂ ಹೊಟ್ಟೆಯೊಳಗೆ ಕಲಸಿದಂತಾಗುತ್ತದೆ. ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ. ಹೋಗಲಿ ಎಂದು ಬಿಟ್ಟು ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತೇನೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ. ಆಗದ ದಿನ ತಮ್ಮನಿಗೆ ಫೋನ್ ಮಾಡಿ ಬೇರೆ ಏನಾದರೂ ಮಾತಾಡುತ್ತೇನೆ. ನಾನು ಯಾಕೆ ಫೋನ್ ಮಾಡಿದೆ ಎಂದು ಅವನಿಗೆ ಗೊತ್ತಾಗಿಯೇ ಇರುತ್ತದೆ. ಕೇಳುವುದಿಲ್ಲ. ಕಳ್ಳ, ಇದನ್ನು ಓದಿ ಇವತ್ತು ಮಾತ್ರ ಕೇಳಬೇಡ.